ಇಂಪ್ಲೋರ್ ಎಂಬ ಶಬ್ದ ಮತ್ತು ನನ್ನ ತಂಗಿಯ ವಿಚಾರಣೆ

ನನ್ನ ತಂಗಿ ವಿಚಾರಣೆಗೆ ಒಳಗೆ ಹೋದಾಗ ನಾನು ಅವಳ ಜೊತೆ ಹೋಗಲಿಲ್ಲ. ಬಾ ಎಂದು ಕರೆದಿದ್ದಳು. ಗೇಟಿನ ಹತ್ತಿರ ನಿಂತು ಮತ್ತೆ ಮತ್ತೆ ಕರೆದಿದ್ದಳು. ನನ್ನ ಮೇಜಿಗೂ ಆ ಕಚೇರಿಯ ಮೆಟ್ಟಿಲಿಗೂ ನಡುವೆ ಒಂದು ರಸ್ತೆ ಮಾತ್ರ ಇತ್ತು. ಅದನ್ನು ನಾನು ದಾಟಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಕೊಡುವ ಕಾರಣಗಳನ್ನು ಓದುತ್ತ ಹೋದರೆ ನಿಮಗೆ ನನ್ನ ಮೇಲೆ ಕನಿಕರ ಬಂದೀತು. ಅದು ನನಗೆ ಸಲ್ಲುವುದಲ್ಲ.

ಕೊರೋನಾ ಮುಗಿದು ಕಚೇರಿಗಳೆಲ್ಲ ಮತ್ತೆ ಮೊದಲಿನಂತೆ ತೆರೆದ ವರ್ಷ ಅದು. ಆಗ ನಾನು ರಾಯಚೂರಿನಲ್ಲಿ ಜಿಲ್ಲಾ ಮಟ್ಟದ ಒಂದು ಕಚೇರಿಯ ಎದುರು ಅರ್ಜಿ ಬರೆದುಕೊಡುವ ಕೆಲಸ ಮಾಡುತ್ತಿದ್ದೆ. ಈಗಲೂ ಅದೇ ಕೆಲಸ. ಜೆರಾಕ್ಸ್ ಅಂಗಡಿಯೊಂದರ ಮುಂಗಟ್ಟಿನ ತಗಡಿನ ಕೆಳಗೆ ಒಂದು ಮೇಜು, ಹಳೆಯ ಲ್ಯಾಪ್‌ಟಾಪು, ಅಂಗಡಿಯವರ ಕರೆಂಟಿಗೆ ಸಿಕ್ಕಿಸಿದ ಒಂದು ಪ್ರಿಂಟರು. ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಬಂದವರು ಕೂತು ತಮ್ಮ ಕಷ್ಟ ಹೇಳುತ್ತಾರೆ, ನಾನು ಅದನ್ನು ಅರ್ಜಿ ಮಾಡಿ ಕೊಡುತ್ತೇನೆ. ನಮ್ಮನ್ನು ಹಿಂದೆ ಅರ್ಜಿನವೀಸರು ಎನ್ನುತ್ತಿದ್ದರಂತೆ. ಈಗ ಟೈಪಿಂಗ್‌ನವರು ಅನ್ನುತ್ತಾರೆ.

ನಾನು ಓದಿದ್ದು ಏಳನೆಯ ತರಗತಿ. ನಮ್ಮ ಊರು ದೇವದುರ್ಗದ ಕಡೆಯ ಅರಕೇರಾ. ಅಪ್ಪ ರಾಯಚೂರಿನ ಗಂಜ್‌ನಲ್ಲಿ ಹತ್ತಿಯ ಅಂಡಿಗೆ, ಅಂದರೆ ಮೂಟೆ, ಹೊರುತ್ತಿದ್ದ. ಅವನು ತೀರಿಕೊಂಡ ಮೇಲೆ ನಾನು ಖಾಜಾ ಉಸ್ತಾದ್ ಎಂಬ ಹಿರಿಯರ ಬಳಿ ಸೇರಿದೆ. ಟೈಪಿಂಗ್ ಕಲಿಸಿದವರು ಅವರು, ಅನ್ನ ಕೊಟ್ಟವರೂ ಅವರೇ. ಅವರ ತಂದೆ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದರು. ಕಾಲ ಬದಲಾದಂತೆ ಉಸ್ತಾದರು ಇಂಗ್ಲಿಷಿಗೂ ಕನ್ನಡಕ್ಕೂ ಹೊರಳಿದರು. ಭಾಷೆ ಬದಲಾದರೂ ಕೇಳಿಕೊಳ್ಳುವ ಮೆಟ್ಟಿಲು ಬದಲಾಗಲಿಲ್ಲ ಎನ್ನುತ್ತಿದ್ದರು.

ಆ ಮೆಟ್ಟಿಲುಗಳ ಬಗ್ಗೆ ಸ್ವಲ್ಪ ಹೇಳಬೇಕು. ಅರ್ಜಿಗೆ ವಿಷಯ, ಉಲ್ಲೇಖ, ವಿವರ ಎಂದು ಭಾಗಗಳಿರುತ್ತವೆ. ಕೊನೆಯ ಪ್ಯಾರಾದಲ್ಲಿ ನಮಗೇನು ಬೇಕೋ ಅದನ್ನು ಕೇಳುತ್ತೇವೆ. ಕೋರ್ಟಿನವರು ಅದಕ್ಕೆ ಪ್ರೇಯರ್ ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ. ಪ್ರೇಯರಿನಲ್ಲಿ ಯಾವ ಕ್ರಿಯಾಪದ ಹಾಕಬೇಕು ಎನ್ನುವುದೇ ನಮ್ಮ ವಿದ್ಯೆ. ಉಸ್ತಾದರ ತಂದೆಯ ಕಾಲದಲ್ಲಿ ಮೊದಲು ಅರ್ಜ್, ಆಮೇಲೆ ಗುಜಾರಿಶ್, ಕಟ್ಟಕಡೆಗೆ ಇಲ್ತಿಜಾ. ನಮ್ಮ ಕಾಲಕ್ಕೆ ರಿಕ್ವೆಸ್ಟ್, ಪ್ರೇ, ಇಂಪ್ಲೋರ್.

ಉಸ್ತಾದರು ನನಗೆ ಇದನ್ನು ಕಲಿಸಿದ್ದು ಹೀಗೆ: “ನೋಡು ಬೇಟಾ, ರಿಕ್ವೆಸ್ಟ್ ಅಂದ್ರ ಬಾಗಲದಾಗ ನಿಂತು ಕೇಳೂದು. ಪ್ರೇ ಅಂದ್ರ ಒಳಗ ಬಂದು ಕೈ ಮುಗಿಯೂದು. ಇಂಪ್ಲೋರ್ ಅಂದ್ರ ಕಾಲು ಹಿಡಿಯೂದು. ಮೊದಲನೇ ದಿನಾನ ಕಾಲು ಹಿಡಿದ್ರ ಎರಡನೇ ದಿನ ಏನು ಹಿಡೀತಿ?”

ಇಂಪ್ಲೋರ್ ಅಂದರೆ ಅಂಗಲಾಚುವುದು, ಗೋಗರೆಯುವುದು. ಹಲ್ಲು ಗಿಂಜುವುದಲ್ಲ. ಹಲ್ಲು ಗಿಂಜುವವನಿಗೆ ಅದು ಸಿಗದಿದ್ದರೆ ಇನ್ನೊಂದು ಸಿಕ್ಕೀತು ಎಂಬ ಆಸೆ ಇರುತ್ತದೆ. ಅಂಗಲಾಚುವವರಿಗೆ ಬೇರೆ ದಾರಿ ಇರುವುದಿಲ್ಲ. ನಮ್ಮ ಹೆಣ್ಣುಮಕ್ಕಳು ದೇವರ ಮುಂದೆ ಸೆರಗೊಡ್ಡಿ ಬೇಡುತ್ತಾರಲ್ಲ, ಅದು ಎಂದು ಉಸ್ತಾದರು ಹೇಳಿದ್ದರು. ಇನ್ನೊಂದು ಮಾತನ್ನೂ ಸೇರಿಸಿದ್ದರು. ಈ ಶಬ್ದಕ್ಕೆ ಎದುರಿಗೆ ಒಬ್ಬ ಮನುಷ್ಯ ಬೇಕಂತೆ. ಇಲಾಖೆಗೆ ರಿಕ್ವೆಸ್ಟ್ ಮಾಡಬಹುದು, ಇಂಪ್ಲೋರ್ ಮಾಡಲಾಗದು, ಇಲಾಖೆಗೆ ಕಣ್ಣೀರು ಕಾಣಿಸುವುದಿಲ್ಲ. “ಇಲ್ತಿಜಾ ಕೊ ಸಸ್ತಾ ನಕ್ಕೊ ಕರೊ” ಎಂದು ತಮ್ಮ ಮನೆಮಾತಿನಲ್ಲಿ ಗದರಿಸುತ್ತಿದ್ದರು. ಅಂಗಲಾಚುವುದನ್ನು ಅಗ್ಗ ಮಾಡಬೇಡ ಎಂದು.

ನಾನು ಅದನ್ನು ಅಗ್ಗ ಮಾಡಲಿಲ್ಲ. ಆ ಕಚೇರಿಗೆ ಬರುವ ಮೇಲಧಿಕಾರಿಗಳು ಹೆಚ್ಚಾಗಿ ಹೊರರಾಜ್ಯದವರು. ಕನ್ನಡ ಓದುತ್ತಾರೆ, ಆದರೆ ನಿಧಾನ. ಹಾಗಾಗಿ ಜನ ಕನ್ನಡದ ಅರ್ಜಿಯ ಜೊತೆ ಇಂಗ್ಲಿಷಿನದೂ ಒಂದು ಇರಲಿ ಅನ್ನುತ್ತಾರೆ. ನನ್ನ ಇಂಪ್ಲೋರಿಗೆ ಹೆಸರು ಬಂದಿತ್ತು. ಚಂದ್ರಬಂಡದಿಂದ ಒಬ್ಬರು ಬೀದಿದೀಪದ ಕಂಬಕ್ಕೆ ಅರ್ಜಿ ಕೊಡಲು ಬಂದರು.

“ಆ ಅಳೂ ಶಬ್ದ ಹಾಕ್ರಿ” ಅಂದರು.

ಅದು ಕಂಬಕ್ಕೆ ಹಾಕುವ ಶಬ್ದ ಅಲ್ಲ ಎಂದು ನಾನು ತಿಳಿಸಿ ಹೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿದರು. “ಕತ್ತಲದಾಗ ನಮ್ಮ ಎಮ್ಮಿ ಬಿದ್ದು ಕಾಲು ಮುರಕೊಂಡದ. ಎಮ್ಮಿ ಸಲುವಾಗಿ ಹಾಕ್ರಿ” ಅಂದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನು ಹಾಕಲಿಲ್ಲ. ಅಷ್ಟು ಬಿಗಿಯಾಗಿದ್ದೆ.

ಉಸ್ತಾದರು ಬಿಟ್ಟುಹೋದ ಇನ್ನೊಂದು ನಿಯಮ, ಮೇಜು ದಾಟಬಾರದು. ಅರ್ಜಿ ಬರೆದವನು ಅರ್ಜಿದಾರರ ಜೊತೆ ಕಚೇರಿಯ ಮೆಟ್ಟಿಲು ಹತ್ತಿದ ದಿನ ಅವನು ದಲ್ಲಾಳಿ. ಇದು ಬರೀ ಮಾತಲ್ಲ. ಹಿಂದೆ ಒಮ್ಮೆ ಒಳಗೆ ಹೊರಗೆ ಓಡಾಡುವವರ ಕಾಟ ಹೆಚ್ಚಾಯಿತೆಂದು ರಸ್ತೆಯ ಮೇಜುಗಳನ್ನೆಲ್ಲ ಎತ್ತಿಸಿದ್ದರು. ಬಹಳ ದಿನ ನಮಗೆ ಕೂಳಿಲ್ಲದಂತಾಗಿತ್ತು. ಅಂದಿನಿಂದ ನಾವು ಯಾರೂ ರಸ್ತೆ ದಾಟುವುದಿಲ್ಲ. ಹಾಳಿ ಕೊಟ್ಟು ಕಳಿಸುತ್ತೇವೆ.

ನನಗಿದ್ದವಳು ಒಬ್ಬಳೇ ತಂಗಿ, ಹುಲಿಗೆಮ್ಮ. ನಾವು ಹುಲಿಗಿ ಅನ್ನುತ್ತೇವೆ. ಅವಳನ್ನು ಮಾನ್ವಿಯ ಕಡೆಯ ಮಲ್ಲಟಕ್ಕೆ ಕೊಟ್ಟಿದ್ದೆವು. ಅವಳ ಗಂಡ ವರ್ಷದಲ್ಲಿ ಅರ್ಧ ಕಾಲ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವನು. ಹುಲಿಗಿಗೆ ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಅಡುಗೆ ಮಾಡಿ ಉಣಿಸುವುದು, ಕೈ ಬಾಯಿ ತೊಳೆಸುವುದು. ಸಂಬಳ ಸಣ್ಣದು. ಆದರೆ ಆ ಕೆಲಸ ಇದ್ದುದರಿಂದಲೇ ಅವಳು ಮಗಳನ್ನು ಕಟ್ಟಿಕೊಂಡು ಗಂಡನ ಹಿಂದೆ ಊರೂರು ಅಲೆಯಬೇಕಾಗಿರಲಿಲ್ಲ. ಮನೆಗೆ ಬೀಗ ಹಾಕದೆ ಬದುಕುವ ಭಾಗ್ಯ ನಮ್ಮ ಮನೆತನದಲ್ಲಿ ಅವಳಿಗೇ ಮೊದಲು ಬಂದದ್ದು.

ಆ ವರ್ಷ ದಸರಾ ಕಳೆದ ಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು. ಅರಕೇರಾದಿಂದ ದೇವದುರ್ಗಕ್ಕೆ, ಅಲ್ಲಿಂದ ರಾಯಚೂರಿನ ದೊಡ್ಡ ಆಸ್ಪತ್ರೆಗೆ ತಂದೆವು. ಹುಲಿಗಿ ಉಟ್ಟ ಸೀರೆಯಲ್ಲೇ ಮಲ್ಲಟದಿಂದ ಬಂದಳು. ಹೆಂಗಸರ ವಾರ್ಡು. ಗಂಡಸರು ನೋಡುವ ಹೊತ್ತಿನಲ್ಲಿ ಬಂದು ಹೋಗಬಹುದು, ಹಾಸಿಗೆಯ ಪಕ್ಕ ಇರುವ ಹಾಗಿಲ್ಲ. ಹಾಗೆಂದು ನಾನು ಸಂಜೆ ಮೇಜು ಎತ್ತಿದ ಮೇಲೆ ಹೋಗಿ, ಬಾಳೆಹಣ್ಣು ಇಟ್ಟು, ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ. ದೀಪಾವಳಿ ದಾಟುವವರೆಗೂ ಹುಲಿಗಿಯೇ ಅವ್ವನ ಮಲಮೂತ್ರ ಬಳಿದಳು. ಊರಿನ ಅಂಗನವಾಡಿ ಟೀಚರಿಗೆ ಫೋನಿನಲ್ಲಿ ಹೇಳಿದ್ದಳು. ಬಾಯಿಮಾತು ಸಾಲದು, ಒಂದು ರಜೆ ಅರ್ಜಿ ಕೊಡಬೇಕು ಎಂದು ನನಗೆ ತಿಳಿದಿತ್ತು. ಊರ ಮಂದಿಗೆಲ್ಲ ರಜೆ ಅರ್ಜಿ ಬರೆದುಕೊಡುವ ನನಗೆ ಅದು ನೆನಪಾಗಲಿಲ್ಲ ಅಂದರೆ ಯಾರು ನಂಬುತ್ತಾರೆ? ನೆನಪಾಗಿತ್ತು. ನಾಳೆ ಎಂದುಕೊಂಡಿದ್ದೆ.

ಅವ್ವ ಕೋಲು ಹಿಡಿದು ನಡೆಯುವಷ್ಟಾದಳು. ಹುಲಿಗಿ ಅವಳನ್ನು ಮಲ್ಲಟಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕಾರಣ ಕೇಳುವ ನೋಟಿಸು ಕಾದಿತ್ತು. ಹೇಳದೆ ಕೇಳದೆ ಗೈರುಹಾಜರಾದ ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾನ್ವಿಗೆ ಬಂದು ಬಸ್ಸು ಹತ್ತಿ ನನ್ನ ಮೇಜಿಗೆ ಬಂದಳು. ಸರದಿಯಲ್ಲಿ ಇಬ್ಬರಿದ್ದರು. ಅವಳೂ ಸರದಿಯಲ್ಲೇ ಕೂತಳು, ನಾನೂ ಕೂರಿಸಿದೆ.

ನೋಟಿಸಿಗೆ ಕೊಡುವ ಉತ್ತರಕ್ಕೆ ಸಮಜಾಯಿಷಿ ಅನ್ನುತ್ತಾರೆ. ನಾನು ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಮಾಡಿದೆ. ಕೊನೆಗೆ ಪ್ರೇಯರಿನಲ್ಲಿ ರಿಕ್ವೆಸ್ಟ್ ಹಾಕಿದೆ. ಮೊದಲನೆಯ ಕಾಗದ, ಮೊದಲನೆಯ ಮೆಟ್ಟಿಲು. ಹುಲಿಗಿ ಓದಿ ಹೇಳು ಅಂದಳು, ಓದಿದೆ. ನಡುವೆ ಒಂದು ವಾಕ್ಯ ಇತ್ತು: ‘ನನ್ನ ತಾಯಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ಕಾರಣ.’ ಅದು ನಮ್ಮಲ್ಲಿ ಮೊದಲೇ ಟೈಪ್ ಆಗಿ ಕೂತಿರುವ ಸಾಲು. ಕಾಯಿಲೆಯ ಕಾರಣ ಕೊಡುವ ಎಲ್ಲ ಅರ್ಜಿಗೂ ಅದನ್ನು ಎತ್ತಿ ಹಾಕುತ್ತೇವೆ. ಆ ಸಾಲು ಕೇಳಿ ಹುಲಿಗಿ ತಲೆ ಎತ್ತಿದಳು.

“ಯಾರೂ ಇಲ್ಲಂತ ಯಾಕ ಬರದಿ? ನೀ ಅದಿಯಲ್ಲ.”

“ಅದು ಹಂಗ ಬರಿಯೂ ಪದ್ಧತಿ.”

“ಪದ್ಧತಿ ಅಂದ್ರ ಆತು ಬಿಡು” ಎಂದು ನಕ್ಕಳು. “ನಾಳೆ ಸಾಹೇಬ್ರು ನಿನ್ನ ನೋಡಿದ್ರ, ಇಂವ ಯಾರಂತ ಹೇಳಲಿ? ದೆವ್ವ ಅಂತ ಹೇಳಲೇನು?”

ನಾನೂ ನಕ್ಕೆ. ಗಂಡಸರನ್ನು ವಾರ್ಡಿನಲ್ಲಿ ಬಿಡುವುದಿಲ್ಲ, ಅಣ್ಣ ಇದ್ದರೂ ಅವಳೇ ಇರಬೇಕಾಯಿತು ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಅದೇ ನಿಜ, ಅದೇ ಅವಳ ಬಲ. ಆದರೆ ಅದನ್ನು ಬರೆಯಲು ನನ್ನನ್ನು ನಾನು ಆ ಕಾಗದದೊಳಗೆ ತರಬೇಕಾಗಿತ್ತು. ಅರ್ಜಿ ಬರೆಯುವವನು ಅರ್ಜಿಯೊಳಗೆ ಬರುವುದು ನಮಗೆ ರೂಢಿಯಿಲ್ಲ.

ಸ್ವಲ್ಪ ದಿನಗಳ ಮೇಲೆ ನನ್ನ ಮೇಜಿನ ಎದುರಿನ ಕಚೇರಿಗೇ ವಿಚಾರಣೆಗೆ ಕರೆದರು. ಮೇಲಧಿಕಾರಿಗಳು ಖುದ್ದು ಕೇಳುತ್ತಾರೆ ಎಂದು ತಿಳಿಸಿದ್ದರು. ಹುಲಿಗಿ ಬೆಳಗಿನ ಬಸ್ಸಿಗೇ ಬಂದಿದ್ದಳು. ತಲೆ ಬಾಚಿ, ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು. ನನ್ನ ಮೇಜಿನ ಬಳಿ ಚಹಾ ಕುಡಿಯಲಿಲ್ಲ. ಕರೆಯುವ ಹೊತ್ತಾದಾಗ ಗೇಟಿನ ತನಕ ಹೋಗಿ ತಿರುಗಿ ಬಂದಳು.

“ಯಣ್ಣಾ, ಒಳಗ ಬಾ. ನನಗ ಅವರ ಮುಂದ ಮಾತು ಬರೂದಿಲ್ಲ.”

“ಹಾಳ್ಯಾಗ ಎಲ್ಲಾ ಬರದೀನಿ. ಹಾಳಿ ಕೊಡು, ಸಾಕು.”

“ಹಾಳಿ ಕೊಡ್ತೀನಿ. ನೀ ಸುಮ್ಮ ಹಿಂದ ನಿಂದ್ರು. ಏನೂ ಮಾತಾಡಬ್ಯಾಡ.”

ನಾವು ಒಳಗೆ ಹೋಗುವ ಹಾಗಿಲ್ಲ, ನಿಯಮ ಎಂದು ಹೇಳಿದೆ. ಅವಳು ಹೋದಳು, ಮತ್ತೆ ಬಂದಳು. ಈ ಸಲ ನನ್ನ ಅಂಗಿಯ ತೋಳು ಹಿಡಿದಳು. “ನಿನ್ನ ಕಾಲಿಗೆ ಬೀಳ್ತೀನಿ, ಬಾರಣ್ಣ” ಅಂದಳು. ಪಕ್ಕದ ಮೇಜಿನವರು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ತೋಳು ಬಿಡಿಸಿಕೊಂಡು, ಎದುರು ಕೂತಿದ್ದವರ ಅರ್ಜಿಗೆ ಕೈ ಹಾಕಿದೆ.

ನಿಯಮ ಅನ್ನುವುದು ಅರ್ಧ ಸತ್ಯ. ಉಳಿದರ್ಧವನ್ನು ಆಗ ಯಾರಿಗೂ ಹೇಳಲಿಲ್ಲ. ನನಗೆ ಇಂಗ್ಲಿಷ್ ಮಾತನಾಡಲು ಬರುವುದಿಲ್ಲ. ಟೈಪ್ ಮಾಡಲು ಬರುತ್ತದೆ. ಯಾವ ಸಾಲಿನ ಮುಂದೆ ಯಾವ ಸಾಲು ಎಂದು ಬೆರಳಿಗೆ ಗೊತ್ತು. ಬಾಯಿಗೆ ಗೊತ್ತಿಲ್ಲ. ಹುಲಿಗಿಗೆ ಅಣ್ಣನೆಂದರೆ ಇಂಗ್ಲಿಷ್ ಬಲ್ಲವನು. ಮಲ್ಲಟದಲ್ಲಿ ಹಾಗೆಂದು ಹೇಳಿಕೊಂಡಿದ್ದಳು. ಆ ಅಧಿಕಾರಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ನಾನು ಅವಳ ಎದುರಿಗೇ ಬಾಯಿಬಿಟ್ಟು ನಿಲ್ಲಬೇಕಿತ್ತು. ಆ ಅಂಜಿಕೆಗೆ ನಾನು ನಿಯಮದ ಅಂಗಿ ತೊಡಿಸಿದೆ.

ಅವಳು ಬೇಗ ಹೊರಗೆ ಬಂದಳು. ಏನಾಯಿತು ಎಂದೆ. “ಹಾಳಿ ಕೊಟ್ಟೆ” ಅಂದಳು. ಮತ್ತೇನು ಕೇಳಿದರು ಎಂದೆ. “ಅವ್ವಗ ಗುಳಿಗಿ ಕೊಡೂ ಹೊತ್ತಾತು, ಬಸ್ಸಿಗಿ ಹೋಗ್ತೀನಿ” ಅಂದಳು. ಬಿಸಿಲಿನಲ್ಲಿ ನಡೆದು ಹೋದಳು. ನಾನು ಬಸ್ ನಿಲ್ದಾಣದ ತನಕವೂ ಹೋಗಲಿಲ್ಲ.

ಅವಳನ್ನು ಕೆಲಸದಿಂದ ತೆಗೆದರು. ಆದೇಶದ ಕಾಗದವನ್ನು ಅವಳು ನನಗೆ ತೋರಿಸಲಿಲ್ಲ. ಫೋನಿನಲ್ಲಿ “ತೆಗದಾರಂತಣ್ಣ” ಎಂದಷ್ಟೇ ಹೇಳಿದಳು. ನಾನು ಗಾಬರಿಯಾಗಲಿಲ್ಲ ಎಂದು ಹೇಳಿದರೆ ನೀವು ನಂಬಬೇಕು. ನನ್ನ ಲೆಕ್ಕದಲ್ಲಿ ಇನ್ನೂ ಎರಡು ಮೆಟ್ಟಿಲು ಉಳಿದಿದ್ದವು. ನಾನು ಕೂತು ಮೇಲ್ಮನವಿ ತಯಾರು ಮಾಡಿದೆ. ಪ್ರೇ ಬಿಟ್ಟು ನೇರ ಇಂಪ್ಲೋರಿಗೆ ಹೋದೆ. ತಂಗಿ ಅಂತ ಒಂದು ಮೆಟ್ಟಿಲು ಹಾರಿಸಿದೆ ಎಂದು ಹೆಮ್ಮೆ ಕೂಡ ಪಟ್ಟೆ. ಉಸ್ತಾದರು ಬದುಕಿದ್ದರೆ ತೋರಿಸಬೇಕಿತ್ತು ಅನ್ನಿಸುವಷ್ಟು ಚೆನ್ನಾಗಿ ಬಂದಿತ್ತು. ಸಹಿ ಮಾಡಲು ಬಾ ಎಂದು ಫೋನ್ ಮಾಡಿದೆ. ಬರ್ತೀನಿ ಅಂದಳು, ಬರಲಿಲ್ಲ. ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಮತ್ತೆ ಆ ಮಾತೆತ್ತಿದೆ. “ಯಾತಕ ಬಿಡಣ್ಣ, ಬ್ಯಾರೆಯಾಕಿನ್ನ ತಗೊಂಡಾರ” ಅಂದಳು. ಹೊಸಬಳು ಅವರ ಓಣಿಯವಳೇ. ಆಮೇಲೆ ಹುಲಿಗಿ ಮಗಳ ಶಾಲೆ ಬಿಡಿಸಿ, ಮಲ್ಲಟದ ಮನೆಗೆ ಬೀಗ ಹಾಕಿ, ಗಂಡನ ಜೊತೆ ಬೆಂಗಳೂರಿಗೆ ಹೋದಳು. ಹೋದದ್ದು ನನಗೆ ಗೊತ್ತಾದದ್ದು ಹಬ್ಬಕ್ಕೆ ಅವರ ಮನೆಗೆ ಹೋಗಿ ಬೀಗ ನೋಡಿದಾಗ.

ಒಳಗೆ ಏನು ನಡೆಯಿತೆಂದು ನನಗೆ ಹೇಳಿದವನು ಆ ಕಚೇರಿಯ ಜವಾನ ತಿಮ್ಮಯ್ಯ. ಮಳೆಗಾಲದ ಒಂದು ಮಧ್ಯಾಹ್ನ ಚಹಾಕ್ಕೆ ಬಂದವನು, ನಿನ್ನ ತಂಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದ. ಹೇಳಿದೆ. ಪಾಪ ಅಂದ. ಅವತ್ತು ಒಳಗೆ ಏನಾಯಿತು ಎಂದು ನಾನು ಕೇಳಿದಾಗ ಅವನಿಗೆ ಆಶ್ಚರ್ಯವಾಯಿತು. “ನಿನಗ ಗೊತ್ತಿಲ್ಲೇನು? ಗೊತ್ತಿದ್ದೂ ಸುಮ್ಮ ಅದಿ ಅಂತ ತಿಳಕೊಂಡಿದ್ದೆ” ಅಂದ.

ಅಧಿಕಾರಿ ಕೆಟ್ಟವರಲ್ಲ. ಕಾಗದ ಪೂರ್ತಿ ಓದಿದರಂತೆ. ಓದಿ, ತಮಗೆ ಬರುವ ಕನ್ನಡದಲ್ಲಿ, ತಾಯಿಯನ್ನು ನೋಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ ಎಂದು ಕೇಳಿದರಂತೆ. ಹುಲಿಗಿ ಯಾರೂ ಇಲ್ಲರಿ ಅಂದಳು. ಪಕ್ಕದಲ್ಲಿ ನಿಂತಿದ್ದ ಅಂಗನವಾಡಿಗಳ ಮೇಲ್ವಿಚಾರಕಿ, ಇವಳಿಗೆ ಸ್ವಂತ ಅಣ್ಣ ಇದ್ದಾನೆ, ಇದೇ ಊರಿನಲ್ಲಿ, ಎದುರಿಗೇ ಟೈಪಿಂಗ್ ಮಾಡುತ್ತಾನೆ ಅಂದರು. ಅವರು ಹೇಳಿದ್ದು ನಿಜವೇ. ಅಧಿಕಾರಿ ಹುಲಿಗಿಯ ಕಡೆ ತಿರುಗಿದರು. ಹಾಗಾದರೆ ಇಲ್ಲಿ ಬರೆದದ್ದು ಸುಳ್ಳು ತಾನೇ, ಇದನ್ನು ಬರೆದವರು ಯಾರು ಎಂದು ಕೇಳಿದರು.

“ಆಕಿ ಏನಂದ್ಲು?” ಎಂದು ನಾನು ಕೇಳಿದೆ.

“ನಾನ ಬರಸೀನ್ರಿ ಅಂದ್ಲು. ಅಣ್ಣನ ಹೆಸರು ಬಾಯಾಗ ತರಲಿಲ್ಲ. ಆಮ್ಯಾಲ ಸೆರಗು ಒಡ್ಡಿ ನಿಂತ್ಲು ನೋಡು. ಸಾಹೇಬ್ರು ಕುರ್ಚಿ ಹಿಂದಕ್ಕ ಸರಿಸಿದ್ರು. ಮಂದಿ ಅಳೂದು ಅವರಿಗಿ ಆಗಿಬರೂದಿಲ್ಲ.”

ಗೈರುಹಾಜರಿಗೆ ಎಚ್ಚರಿಕೆ ಕೊಟ್ಟು ಬಿಡುವ ಮನಸ್ಸು ಅವರಿಗಿತ್ತು, ಸುಳ್ಳು ಹೇಳಿಕೆ ಎಂದಾದ ಮೇಲೆ ಬಿಡಲು ಬರಲಿಲ್ಲ ಎಂದು ತಿಮ್ಮಯ್ಯ ಹೇಳಿದ. ಹೇಳಿ ಚಹಾ ಮುಗಿಸಿ ರಸ್ತೆ ದಾಟಿ ಹೋದ. ಅವನ ಮೇಲೆ ನನಗೆ ಸಿಟ್ಟು ಬಂತು. ಸಿಟ್ಟು ಮಾಡಲು ಬೇರೆ ಯಾರೂ ಇರಲಿಲ್ಲ.

ಅದನ್ನು ತಿಳಿದ ಮೇಲಾದರೂ ನಾನು ಅವಳ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಫೋನ್ ಹಚ್ಚಿ, ಅದು ರಿಂಗ್ ಆಗುವ ಮೊದಲೇ ಕಟ್ ಮಾಡುತ್ತಿದ್ದೆ. ನಾನು ಮದುವೆಯಾಗಿಲ್ಲ. ಕೋಟೆಯ ಒಳಗಿನ ಅಂದ್ರೂನ್ ಕಿಲ್ಲಾ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಸಂಜೆ ಕೋಣೆಗೆ ಬಂದು ಅನ್ನಕ್ಕಿಟ್ಟರೆ ಕುಕ್ಕರಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಹಿಂದೆ ಅವ್ವ ಊರಿನಿಂದ ಫೋನ್ ಮಾಡುತ್ತಿದ್ದಳು, ಹುಲಿಗಿ ಮಾಡುತ್ತಿದ್ದಳು. ಉಂಡಿಯೇನು ಎಂದು ಕೇಳಲು ಯಾರೂ ಉಳಿಯಲಿಲ್ಲ. ದಿನವಿಡೀ ಊರಿನವರ ದುಃಖವೆಲ್ಲ ನನ್ನ ಎದುರಿಗೆ ಬಂದು ಕೂರುತ್ತಿತ್ತು. ಸಂಜೆಯಾದರೆ ನಾನು ಯಾರಿಗೂ ಏನೂ ಅಲ್ಲ. ಹುಲಿಗಿ ಮನೆಯವರು ಬೆಂಗಳೂರಿನಿಂದ ತಿರುಗಿ ಬಂದರು, ಅವಳ ಗಂಡನಿಗೆ ದೇವದುರ್ಗದ ಹತ್ತಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು, ಹುಲಿಗಿ ಅಲ್ಲೇ ಒಂದು ರೊಟ್ಟಿ ಕೇಂದ್ರಕ್ಕೆ ಹೋಗುತ್ತಾಳೆ ಎಂದು ಅರಕೇರಾದ ಒಬ್ಬರು ಹೇಳಿದರು. ದೇವದುರ್ಗ ರಾಯಚೂರಿಗೆ ದೂರವಲ್ಲ. ಆದರೂ ಒಂದು ವರ್ಷ ಕಳೆದೆ.

ಕಳೆದ ಚಳಿಗಾಲದಲ್ಲಿ ಒಬ್ಬ ಮುದುಕಿ ನನ್ನ ಮೇಜಿಗೆ ಬಂದಳು. ಅವಳ ವಿಧವಾ ವೇತನ ನಿಂತುಹೋಗಿತ್ತು. ಕಾಗದದಲ್ಲಿ ಅವಳು ಸತ್ತಿದ್ದಾಳೆ ಎಂದು ಆಗಿತ್ತು. ನಾನು ಬದುಕಿದ್ದೇನೆ ಎಂದು ಅರ್ಜಿ ಬರೆದುಕೊಟ್ಟೆ. ಅವಳು ಹಾಳಿ ಮಡಚಿಕೊಂಡು ಎದ್ದಳು, ಎದ್ದವಳು ನನ್ನ ಮುಂಗೈ ಹಿಡಿದಳು.

“ಯಪ್ಪಾ, ನೀನೂ ಬಾ. ಹಾಳಿಗೆ ಬಾಯಿಲ್ಲ.”

ಅವಳ ಹಿಡಿತ ಗಟ್ಟಿಯಿತ್ತು. ನಾನು ಬಿಡಿಸಿಕೊಳ್ಳಬಹುದಾಗಿತ್ತು, ಬಿಡಿಸಿಕೊಳ್ಳುವುದು ನನಗೆ ಗೊತ್ತಿತ್ತು. ಆದರೆ ಬಿಡಿಸಿಕೊಳ್ಳಲಿಲ್ಲ. ಎದ್ದೆ. ರಸ್ತೆ ದಾಟಿದೆ. ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತೆ. ಹಿಂದಿನ ಅಧಿಕಾರಿ ವರ್ಗವಾಗಿ ಬೇರೆಯವರು ಬಂದಿದ್ದರು. ಅವರು ಮುದುಕಿಯನ್ನು ನೋಡಿ ನನ್ನನ್ನು ನೋಡಿ, ಇಂಗ್ಲಿಷಿನಲ್ಲಿ ಏನೋ ಕೇಳಿದರು. ನನಗೆ ಪೂರ್ತಿ ತಿಳಿಯಲಿಲ್ಲ. “ಸರ್, ನನಗ ಇಂಗ್ಲಿಷ್ ಮಾತಾಡಾಕ ಬರೂದಿಲ್ಲ. ಈ ಯವ್ವ ಬದುಕ್ಯಾಳ್ರಿ. ಇಲ್ಲೇ ನಿಂತಾಳ” ಅಂದೆ. ಅವರು ನಕ್ಕುಬಿಟ್ಟರು. ಕೂರಲು ಹೇಳಿದರು, ಗುಮಾಸ್ತನನ್ನು ಕರೆದು ಸರಿಮಾಡಲು ಹೇಳಿದರು. ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮುದುಕಿ ಹೊರಗೆ ಬಂದು ನನ್ನ ಗಲ್ಲ ಮುಟ್ಟಿ ದೃಷ್ಟಿ ತೆಗೆದು ಲಟಿಕೆ ಮುರಿದಳು.

ಅಷ್ಟು ಸುಲಭವಾಗಿತ್ತಲ್ಲ ಎನ್ನುವುದೇ ನನ್ನನ್ನು ಕೊಂದಿತು. ಇಂಪ್ಲೋರಿನ ಅರ್ಥ ಬಲ್ಲೆನೆಂದು ಇಷ್ಟು ವರ್ಷ ತಿಳಿದಿದ್ದೆ. ನನ್ನ ಅಂಗಿಯ ತೋಳು ಹಿಡಿದು ಅದನ್ನು ಮಾಡಿದವರು ಎದುರಿಗಿದ್ದಾಗ ನನಗೆ ಅದು ಗುರುತು ಸಿಗಲಿಲ್ಲ. ನಾನು ಅದನ್ನು ಹಾಳಿಯ ಮೇಲೆ ಮಾತ್ರ ನೋಡಿದ್ದೆ, ಅದೂ ಕೊನೆಯ ಪ್ಯಾರಾದಲ್ಲಿ. ಬೇಡುವವರಿಗೆ ಮೊದಲನೆಯ ದಿನವೇ ಕೊನೆಯ ದಿನವಾಗಿರುತ್ತದೆ. ಅವರಿಗೆ ಮೆಟ್ಟಿಲುಗಳಿರುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು. ಈಗ ಕರೆದವರ ಜೊತೆ ಒಳಗೆ ಹೋಗುತ್ತೇನೆ. ಪಕ್ಕದ ಮೇಜಿನವರು ದಲ್ಲಾಳಿ ಅನ್ನುತ್ತಾರೆ. ‘ಯಾರೂ ಇಲ್ಲದ ಕಾರಣ’ ಎನ್ನುವ ಸಾಲನ್ನು ಅಳಿಸಿದ್ದೇನೆ. ಯಾರಿದ್ದಾರೆ, ಯಾರಿಲ್ಲ ಎಂದು ಕೇಳಿ ಬರೆಯುತ್ತೇನೆ.

ಮುದುಕಿಯ ಜೊತೆ ರಸ್ತೆ ದಾಟಿದ ಆ ದಿನವೇ ಮಧ್ಯಾಹ್ನ ಮೇಜು ಎತ್ತಿ ದೇವದುರ್ಗದ ಬಸ್ಸು ಹತ್ತಿದೆ. ಗಬ್ಬೂರು ದಾಟುವವರೆಗೂ ಏನು ಹೇಳಬೇಕೆಂದು ಜೋಡಿಸುತ್ತಿದ್ದೆ. ರೊಟ್ಟಿ ಕೇಂದ್ರ ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಶೆಡ್ಡಿನಂಥ ಒಂದು ಮನೆ. ಹೊಗೆ ತುಂಬಿತ್ತು. ನಾಲ್ಕಾರು ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಹುಲಿಗಿ ಕೊನೆಯಲ್ಲಿದ್ದಳು. ನನ್ನನ್ನು ನೋಡಿದಳು, ಬಡಿಯುವ ಕೈ ನಿಲ್ಲಿಸಲಿಲ್ಲ.

“ಏನಣ್ಣ, ಲ್ಯಾಪ್‌ಟಾಪ್ ಬಿಟ್ಟು ಬಂದಿಯಲ್ಲ. ಕಾಗಿ ಒಯ್ದಾವು” ಅಂದಳು.

ಪಕ್ಕದವಳು ನಕ್ಕಳು. ಹುಲಿಗಿ ತೆಳ್ಳಗಾಗಿದ್ದಳು. ಕೂದಲಲ್ಲಿ ಬಿಳಿ ಕಾಣುತ್ತಿತ್ತು. ಎಣ್ಣೆಯ ಖಾಲಿ ಡಬ್ಬ ಬೋರಲು ಹಾಕಿ ಕೂರು ಎಂದು ಕಾಲಿನಿಂದ ನನ್ನ ಕಡೆ ತಳ್ಳಿದಳು. ಹಂಚಿನಿಂದ ಒಂದು ರೊಟ್ಟಿ ತೆಗೆದು ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಮಗಳ ಬಗ್ಗೆ ಕೇಳಿದೆ. ಮತ್ತೆ ಶಾಲೆಗೆ ಸೇರಿಸಿದ್ದಾರಂತೆ, ತನಗಿಂತ ಸಣ್ಣವರ ಜೊತೆ ಕೂರಬೇಕೆಂದು ಅಳುತ್ತಾಳಂತೆ. ಅದನ್ನು ಅವಳು ಯಾರನ್ನೂ ದೂರದೆ ಹೇಳಿದಳು. ರೊಟ್ಟಿ ನನ್ನ ಕೈಯಲ್ಲೇ ಇತ್ತು.

ನಾನು ಶುರು ಮಾಡಿದೆ. ಈ ಹಿಂದೆ ನಡೆದ ಸಂಗತಿಯ ಬಗ್ಗೆ ನನಗೆ ಬಹಳ ವಿಷಾದವಿದೆ ಎಂದು ಏನನ್ನೋ ಹೇಳತೊಡಗಿದೆ. ಹುಲಿಗಿ ಹಿಟ್ಟಿನ ಕೈ ಎತ್ತಿ ನನ್ನನ್ನು ತಡೆದಳು.

“ಅರ್ಜಿ ಓದಿದಂಗ ಮಾತಾಡಬ್ಯಾಡ. ಏನಾಗ್ಯದ ನಿನಗ?”

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಹಾರಿಹೋಯಿತು. ಡಬ್ಬದಿಂದ ಇಳಿದು ಅವಳ ಎದುರಿಗೆ ನೆಲದ ಮೇಲೆ ಕೂತೆ. ಉಳಿದ ಹೆಂಗಸರು ಬಡಿಯುವುದನ್ನು ನಿಲ್ಲಿಸಿದ್ದರು. ಎಲ್ಲರಿಗೂ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು, ಕೇಳಿಸಲಿ ಎಂದೇ ಹೇಳಿದೆ.

“ಹುಲಿಗಿ, ಯಾರೂ ಇಲ್ಲಂತ ಬರದಾಂವ ನಾ. ನೀ ಸುಳ್ಳು ಹೇಳಿಲ್ಲ. ನೀ ತೋಳು ಹಿಡಿದು ಕರದಿ, ನಾ ಅಂಜಿ ಕುಂತೆ. ನಿನ್ನ ಕೆಲಸ ಹೋಗಿದ್ದು ನನ್ನಿಂದ. ತಪ್ಪಾತವ್ವ, ನಂದು ಭಾಳ ತಪ್ಪಾತು. ಹೊಟ್ಟ್ಯಾಗ ಹಾಕ್ಕೋ.”